ಭೇದಿ ಆದಾಗ ಮಗುವಿಗೆ ಏನು ಕೊಡಬೇಕು?



ಮಳೆ ಬಿತ್ತು. ಕೆರೆಗೆ ಹೊಸ ನೀರು ಬಂತು. ಬೋರ್‌ವೆಲ್ ಸುತ್ತ ಕೆಸರಾಯಿತು. ನೊಣ ಹೆಚ್ಚಾಯಿತು. ಈ ದಿನಗಳಲ್ಲಿ ಯಾವ ಓಣಿಗೆ ಹೋದರೂ ಒಂದು ಮಾತು ಕೇಳುತ್ತೇವೆ: "ಮಗುವಿಗೆ ಹೊಟ್ಟೆ ಕೆಟ್ಟಿದೆ. ನೀರು ನೀರಾಗಿ ಹೋಗ್ತಾ ಇದೆ."

ದಿನಕ್ಕೆ ಮೂರು ಸಲ ಅಥವಾ ಹೆಚ್ಚು ಸಲ ನೀರಾಗಿ ಹೋದರೆ ಅದು ಭೇದಿ. ಎದೆಹಾಲು ಮಾತ್ರ ಕುಡಿಯುವ ಕೂಸು ದಿನಕ್ಕೆ ಹಲವು ಸಲ ಮೆತ್ತಗೆ ಹೋಗುತ್ತದೆ. ಅದು ಭೇದಿ ಅಲ್ಲ, ಹೆದರಬೇಡಿ. "ಹಲ್ಲು ಬರ್ತಾ ಇದೆ, ಅದಕ್ಕೇ ಭೇದಿ" ಅಂತ ಕೆಲವರು ಸುಮ್ಮನಿರುತ್ತಾರೆ. ಹಾಗೆ ಸುಮ್ಮನಿರಬಾರದು. ಹಲ್ಲಿನಿಂದ ಭೇದಿ ಬರುವುದಿಲ್ಲ.

ಭೇದಿಯಾದ ಮಗುವಿನ ಜೀವಕ್ಕೆ ಅಪಾಯ ಏಕೆ? ಮೈಯಲ್ಲಿದ್ದ ನೀರು ಮತ್ತು ಉಪ್ಪು ಹೊರಗೆ ಹೋಗುತ್ತವೆ. ದೊಡ್ಡವರ ಮೈ ಹಂಡೆ ಇದ್ದಂತೆ. ಮಗುವಿನ ಮೈ ಚೊಂಬು ಇದ್ದಂತೆ. ಹಂಡೆಯಿಂದ ಎರಡು ಲೋಟ ನೀರು ತೆಗೆದರೆ ಗೊತ್ತಾಗದು. ಚೊಂಬಿನಿಂದ ಎರಡು ಲೋಟ ತೆಗೆದರೆ ತಳ ಕಾಣುತ್ತೆ.

ನಮ್ಮ ಕಲಿಕಾ ಕೇಂದ್ರದಲ್ಲಿ ಒಬ್ಬ ಅಕ್ಕ ಕೇಳಿದರು: "ಅಲ್ಲ ಟೀಚರ್, ಹೋಗೋದೇ ನೀರು. ಮೇಲಿಂದ ನಾವು ನೀರು ಕುಡಿಸಿದ್ರೆ ಇನ್ನೂ ಜಾಸ್ತಿ ಹೋಗಲ್ವೆ?"

ಒಳ್ಳೆಯ ಪ್ರಶ್ನೆ. ಬಹಳ ಮನೆಗಳಲ್ಲಿ ಹೀಗೇ ಯೋಚಿಸುತ್ತಾರೆ. ಅದಕ್ಕೇ ಮಗುವಿಗೆ ನೀರು, ಹಾಲು, ಅನ್ನ ಎಲ್ಲ ನಿಲ್ಲಿಸಿಬಿಡುತ್ತಾರೆ. ಆದರೆ ನಾವು ಕೊಡದಿದ್ದರೆ ಭೇದಿ ನಿಲ್ಲುತ್ತದೆಯೆ? ಇಲ್ಲ. ಮೈಯಲ್ಲಿ ಉಳಿದ ನೀರೇ ಹೋಗುತ್ತದೆ. ಹೋದಷ್ಟನ್ನು ನಾವು ತುಂಬಬೇಕು. ಬರೀ ನೀರು ಸಾಲದು. ಉಪ್ಪು ಮತ್ತು ಸಕ್ಕರೆಯೂ ಬೇಕು. ಸಕ್ಕರೆ ಉಪ್ಪಿನ ಕೈ ಹಿಡಿದು ಕರುಳಿನ ಗೋಡೆಯೊಳಗೆ ಕರೆದುಕೊಂಡು ಹೋಗುತ್ತದೆ. ಉಪ್ಪಿನ ಹಿಂದೆಯೇ ನೀರು ಹೋಗುತ್ತದೆ. ಓ.ಆರ್.ಎಸ್. ಪೊಟ್ಟಣದ ಗುಟ್ಟು ಇಷ್ಟೇ.

ಇದು ಪುಸ್ತಕದ ಮಾತು ಮಾತ್ರ ಅಲ್ಲ. 1971ರಲ್ಲಿ ಬಾಂಗ್ಲಾದೇಶದ ಯುದ್ಧ ನಡೆಯಿತು. ಲಕ್ಷಾಂತರ ಜನ ಪಶ್ಚಿಮ ಬಂಗಾಳಕ್ಕೆ ಓಡಿ ಬಂದರು. ಬನಗಾಂವ್ ಎಂಬ ಊರಿನ ಶಿಬಿರದಲ್ಲಿ ಕಾಲರಾ ಹಬ್ಬಿತು. ಸೂಜಿಯಲ್ಲಿ ಹಾಕುವ ಬಾಟಲಿಗಳು ಸಾಲದೆ ಬಂದವು. ಅಲ್ಲಿದ್ದ ಡಾಕ್ಟರ್ ದಿಲೀಪ್ ಮಹಾಲನೋಬಿಸ್ ಅವರು ಉಪ್ಪು, ಗ್ಲೂಕೋಸ್, ಅಡಿಗೆ ಸೋಡ ಅಳತೆಯಂತೆ ನೀರಿಗೆ ಹಾಕಿಸಿದರು. ರೋಗಿಗಳ ಮನೆಯವರ ಕೈಯಿಂದಲೇ ಕುಡಿಸಿದರು. ಮೊದಲು ಆ ಶಿಬಿರದಲ್ಲಿ 100 ರೋಗಿಗಳಲ್ಲಿ ಸುಮಾರು 30 ಜನ ಸಾಯುತ್ತಿದ್ದರು. ಕುಡಿಸಲು ಶುರು ಮಾಡಿದ ಮೇಲೆ 4ಕ್ಕಿಂತ ಕಡಿಮೆ ಆಯಿತು. ಕುಡಿಸಿದವರು ಯಾರು? ತಾಯಂದಿರು, ಅಕ್ಕಂದಿರು, ಅಣ್ಣಂದಿರು. ಅವರು ಯಾರೂ ಡಾಕ್ಟರಲ್ಲ.

ಈಗ ಪೊಟ್ಟಣ ಕೈಗೆ ತೆಗೆದುಕೊಳ್ಳಿ. ಆಶಾ ಕಾರ್ಯಕರ್ತೆಯ ಹತ್ತಿರ, ಆರೋಗ್ಯ ಕೇಂದ್ರದಲ್ಲಿ ಇದನ್ನು ಕೊಡುತ್ತಾರೆ. ಮೊದಲು ಓದಿ. ಎಷ್ಟು ನೀರಿಗೆ ಅಂತ ಬರೆದಿದೆ? ದೊಡ್ಡ ಪೊಟ್ಟಣದ ಮೇಲೆ 1 ಲೀಟರ್ ಎಂದಿರುತ್ತದೆ. 1000 ಮಿ.ಲೀ. ಅಂದರೂ ಅದೇ. ಅಂಗಡಿಯ ಚಿಕ್ಕ ಪೊಟ್ಟಣದ ಮೇಲೆ 200 ಮಿ.ಲೀ. ಎಂದಿರಬಹುದು. ಅಕ್ಷರ ಇಂಗ್ಲಿಷಿನಲ್ಲಿ ಇದ್ದರೂ ಅಂಕಿ ನಮಗೆ ಗೊತ್ತಲ್ಲ!

ಓದದೆ ಕಲಸಿದರೆ ತೊಂದರೆ. ದೊಡ್ಡ ಪೊಟ್ಟಣವನ್ನು ಒಂದೇ ಲೋಟ ನೀರಿಗೆ ಸುರಿದರೆ ಉಪ್ಪು ಹೆಚ್ಚಾಗುತ್ತದೆ. ಮಗುವಿಗೆ ಫಿಟ್ಸ್ ಕೂಡ ಬರಬಹುದು. "ಅರ್ಧ ಇವತ್ತು, ಅರ್ಧ ನಾಳೆ" ಅಂತ ಪುಡಿಯನ್ನು ಪಾಲು ಮಾಡಬೇಡಿ. ಅಳತೆಗೆ ಏನು ಮಾಡೋಣ? ಅಂಗಡಿಯ 1 ಲೀಟರ್ ನೀರಿನ ಬಾಟಲಿ ಖಾಲಿಯಾದರೆ ತೊಳೆದು ಇಟ್ಟುಕೊಳ್ಳಿ. ಕೈಯನ್ನು ಸೋಪಿನಿಂದ ತೊಳೆಯಿರಿ. ನೀರು ಕುದಿಸಿ, ಆರಿಸಿ, ಆ ಬಾಟಲಿಯಲ್ಲಿ ಅಳೆಯಿರಿ. ಚೊಕ್ಕಟ ಪಾತ್ರೆಗೆ ಹಾಕಿ, ಇಡೀ ಪೊಟ್ಟಣ ಕಲಸಿ, ಮುಚ್ಚಿಡಿ. 24 ಗಂಟೆ ಆದ ಮೇಲೆ ಉಳಿದದ್ದನ್ನು ಚೆಲ್ಲಿ.

ಅಂಗಡಿಯಲ್ಲಿ ಮಾರುವ ಹಣ್ಣಿನ ರುಚಿಯ ಸಿಹಿ ಪಾನೀಯ ಬೇರೆ, ಇದು ಬೇರೆ. ಕೆಲವು ಪಾನೀಯಗಳ ಡಬ್ಬಿ ಮೇಲೂ ಓ.ಆರ್.ಎಸ್. ಎಂದು ಬರೆದು ಮಾರುತ್ತಿದ್ದರು. 2025ರಲ್ಲಿ ಸರ್ಕಾರದ ಆಹಾರ ಸುರಕ್ಷತಾ ಪ್ರಾಧಿಕಾರ ಹಾಗೆ ಬರೆಯಕೂಡದು ಎಂದು ಆದೇಶ ಮಾಡಿತು. ಅದರಲ್ಲಿ ಸಕ್ಕರೆ ಹೆಚ್ಚು. ಭೇದಿ ಇನ್ನೂ ಜೋರಾಗುತ್ತೆ.

ರಾತ್ರಿ ಹೊತ್ತು, ಮನೆಯಲ್ಲಿ ಪೊಟ್ಟಣ ಇಲ್ಲ. ಆಗ? 1 ಲೀಟರ್ ನೀರಿಗೆ ಅರ್ಧ ಚಹಾ ಚಮಚ ಉಪ್ಪು ಹಾಕಿ. ರುಚಿ ನೋಡಿ. ಕಣ್ಣೀರಿಗಿಂತ ಉಪ್ಪಾಗಿ ಇರಬಾರದು. ಆಮೇಲೆ 6 ಚಹಾ ಚಮಚ ಸಕ್ಕರೆ ಹಾಕಿ. ಚಮಚ ತಲೆ ಸವರಿದಂತೆ ಇರಲಿ, ಗೋಪುರ ಬೇಡ. ಬೆಳಿಗ್ಗೆ ಹೋಗಿ ಪೊಟ್ಟಣ ತನ್ನಿ.

ಎಷ್ಟು ಕುಡಿಸಬೇಕು? ಪ್ರತಿ ಸಲ ಭೇದಿ ಆದ ಮೇಲೆ ಎರಡು ವರ್ಷದ ಒಳಗಿನ ಮಗುವಿಗೆ ಕಾಲು ಲೋಟದಿಂದ ಅರ್ಧ ಲೋಟ. ಅದಕ್ಕಿಂತ ದೊಡ್ಡ ಮಗುವಿಗೆ ಅರ್ಧ ಲೋಟದಿಂದ ಒಂದು ಲೋಟ. ಒಂದೇ ಸಲ ಕುಡಿಸಬೇಡಿ. ಚಮಚದಲ್ಲಿ ಸ್ವಲ್ಪ ಸ್ವಲ್ಪ ಕೊಡಿ. ಬಾಟಲಿ ನಿಪ್ಪಲ್ ಬೇಡ. ಮಗು ವಾಂತಿ ಮಾಡಿತೆ? ಬಿಟ್ಟುಬಿಡಬೇಡಿ. ಹತ್ತು ನಿಮಿಷ ಕಾದು ಮತ್ತೆ ಕೊಡಿ. ಎರಡು ಮೂರು ನಿಮಿಷಕ್ಕೆ ಒಂದು ಚಮಚ ಸಾಕು. ಇದಕ್ಕೆ ತಾಳ್ಮೆ ಬೇಕು. ತಾಯಿ ಒಬ್ಬಳಿಂದ ಆಗದು. ಅಪ್ಪನೂ ಒಂದು ಗಂಟೆ ಚಮಚ ಹಿಡಿಯಲಿ!

ಎದೆಹಾಲು ನಿಲ್ಲಿಸಬೇಡಿ. ಊಟ ಮಾಡುವ ಮಗುವಿಗೆ ಗಂಜಿ, ಮೆತ್ತಗಿನ ಅನ್ನ, ಬೇಳೆ ಕಟ್ಟು, ಮಜ್ಜಿಗೆ, ಬಾಳೆಹಣ್ಣು ಕೊಡಿ.

ಜಿಂಕ್ ಮಾತ್ರೆಯನ್ನೂ ಕೇಳಿ ಪಡೆಯಿರಿ. 20 ಮಿಲಿಗ್ರಾಂ ಮಾತ್ರೆ. ಎರಡರಿಂದ ಆರು ತಿಂಗಳ ಮಗುವಿಗೆ ದಿನಕ್ಕೆ ಅರ್ಧ, ಆರು ತಿಂಗಳು ದಾಟಿದ ಮಗುವಿಗೆ ಒಂದು. ಚಮಚದಲ್ಲಿ ಎದೆಹಾಲು ಅಥವಾ ನೀರಿಗೆ ಹಾಕಿದರೆ ಕರಗುತ್ತೆ. 14 ದಿನ ಕೊಡಬೇಕು. ಭೇದಿ ಮೂರೇ ದಿನಕ್ಕೆ ನಿಂತರೂ ಬಿಡಬಾರದು. ಭೇದಿ ನಿಲ್ಲಿಸುವ ಬೇರೆ ಮಾತ್ರೆಯನ್ನು ಅಂಗಡಿಯಿಂದ ತಂದು ಮಗುವಿಗೆ ಹಾಕಬೇಡಿ.

ಮನೆಯ ಆರೈಕೆ ಸಾಲದು ಎಂದು ತಿಳಿಯುವುದು ಹೇಗೆ? ಮಗುವಿನ ಕಣ್ಣು ಗುಳಿ ಬಿದ್ದಿದೆಯೆ? ಕೂಸಿನ ನೆತ್ತಿ ತಗ್ಗಾಗಿದೆಯೆ? ಆರು ಗಂಟೆಯಿಂದ ಉಚ್ಚೆ ಹೊಯ್ದಿಲ್ಲವೆ? ಹೊಟ್ಟೆಯ ಚರ್ಮವನ್ನು ಎರಡು ಬೆರಳಿನಿಂದ ಮೆಲ್ಲಗೆ ಎತ್ತಿ ಬಿಡಿ. ತಟ್ಟನೆ ಕೆಳಗೆ ಹೋಗಬೇಕು. ನಿಧಾನವಾಗಿ ಹೋದರೆ ಮೈಯಲ್ಲಿ ನೀರು ಕಡಿಮೆ ಆಗಿದೆ. ಕುಡಿದದ್ದೆಲ್ಲ ವಾಂತಿ, ಮಲದಲ್ಲಿ ರಕ್ತ, ಜೋರು ಜ್ವರ, ಎಬ್ಬಿಸಿದರೂ ಏಳದ ಮಂಪರು, ಇವುಗಳಲ್ಲಿ ಒಂದು ಕಂಡರೂ ಕೂಡಲೇ ಆಸ್ಪತ್ರೆಗೆ ಹೊರಡಿ. ಎರಡು ತಿಂಗಳ ಒಳಗಿನ ಕೂಸಾದರೆ ಇವು ಕಾಣುವ ತನಕ ಕಾಯಬೇಡಿ. ದೃಷ್ಟಿ ತೆಗೆಯುವುದಿದ್ದರೆ ಆಮೇಲೆ ತೆಗೆಯಿರಿ. ಗಾಡಿ ಇಲ್ಲದಿದ್ದರೆ 108ಕ್ಕೆ ಫೋನ್ ಮಾಡಿ. ದಾರಿಯಲ್ಲೂ ಚಮಚದಲ್ಲಿ ಕುಡಿಸುತ್ತಾ ಇರಿ. ಏಳದ ಮಗುವಿನ ಬಾಯಿಗೆ ಮಾತ್ರ ಏನನ್ನೂ ಹಾಕಬೇಡಿ.

ಒಂದು ಬಗೆಯ ಭೇದಿಗೆ ಲಸಿಕೆಯೂ ಇದೆ. ರೋಟಾ ವೈರಸ್ ಲಸಿಕೆ. 6, 10 ಮತ್ತು 14 ವಾರಕ್ಕೆ ಬಾಯಿಗೆ ಹಾಕುತ್ತಾರೆ. ತಾಯಿ ಕಾರ್ಡ್ ತೆಗೆದು ನೋಡಿ, ಹಾಕಿಸಿದ ದಿನ ಬರೆದಿದೆಯೆ?

ಓದಿ, ಲೆಕ್ಕ ಮಾಡಿ

1. ಪೊಟ್ಟಣದ ಮೇಲೆ 200 ಮಿ.ಲೀ. ಎಂದಿದೆ. 1 ಲೀಟರ್ ನೀರಿಗೆ ಇಂಥ ಪೊಟ್ಟಣ ಎಷ್ಟು ಬೇಕು?

2. ಮಗುವಿಗೆ ಎಂಟು ತಿಂಗಳು. ಸೋಮವಾರ ಜಿಂಕ್ ಮಾತ್ರೆ ಶುರು ಮಾಡಿದಿರಿ. 14ನೆಯ ಮಾತ್ರೆ ಯಾವ ವಾರ ಬರುತ್ತದೆ?

3. ಮನೆಯಲ್ಲಿರುವ ಪೊಟ್ಟಣ ತನ್ನಿ. ಯಾವ ತಿಂಗಳು, ಯಾವ ವರ್ಷದ ತನಕ ಬಳಸಬಹುದು? ಹುಡುಕಿ, ಪಾಟಿಯ ಮೇಲೆ ಬರೆಯಿರಿ.