ತಟ್ಟೆಯ ಮೇಲಣ ವಲಯ: ಪ್ರತಿಜೈವಿಕಗಳ ತಾರತಮ್ಯ ವಿಚಾರ

ಕಂದಪದ್ಯವನ್ನು ಮಾತ್ರಾಗಣಗಳಿಂದಲೂ ಚಂಪಕಮಾಲೆ ಮೊದಲಾದ ವೃತ್ತಗಳನ್ನು ಅಕ್ಷರಗಣಗಳಿಂದಲೂ ಅಳೆಯಬೇಕೆಂಬುದು ಛಂದಸ್ಸಿನ ಮೊದಲ ಪಾಠ. ಒಂದರ ಮಾನದಂಡವನ್ನು ಮತ್ತೊಂದಕ್ಕೆ ಹಿಡಿದರೆ ನಿರ್ದೋಷವಾದ ಪದ್ಯವೂ ದೋಷಯುಕ್ತವಾಗಿ ತೋರುವುದು. ಬಾಯಿಯ ಮೂಲಕ ಸೇವಿಸುವ ಪ್ರತಿಜೈವಿಕ ಔಷಧಗಳ ಬಲಾಬಲವನ್ನು ಪ್ರಯೋಗಶಾಲೆಯಲ್ಲಿ ಹೋಲಿಸುವಾಗಲೂ ಇದೇ ವಿವೇಕವು ಅವಶ್ಯಕ. 'ಯಾವ ಮಾತ್ರೆ ಹೆಚ್ಚು ಬಲವುಳ್ಳದ್ದು?' ಎಂಬುದು ಲೋಕದ ಪ್ರಶ್ನೆ. 'ಯಾವ ರೋಗಾಣುವಿಗೆ, ದೇಹದ ಯಾವ ಎಡೆಯಲ್ಲಿ?' ಎಂಬುದು ಶಾಸ್ತ್ರದ ಪ್ರಶ್ನೆ.

ಪರೀಕ್ಷೆಯ ಕ್ರಮ ಹೀಗಿದೆ. ಬಾಯರ್, ಕರ್ಬಿ ಮೊದಲಾದವರು 1966ರಲ್ಲಿ ವ್ಯವಸ್ಥೆಗೊಳಿಸಿದ ವಿಧಾನವು ಇಂದಿಗೂ ಬಳಕೆಯಲ್ಲಿದೆ. ತಟ್ಟೆಯಲ್ಲಿ ಸುಮಾರು 4 ಮಿಲಿಮೀಟರ್ ದಪ್ಪಕ್ಕೆ ಹೆಪ್ಪುಗಟ್ಟಿಸಿದ ಅಗರಿನ ಮೇಲೆ, ರೋಗಿಯಿಂದ ಪಡೆದ ಬ್ಯಾಕ್ಟೀರಿಯವನ್ನು ಸಮವಾಗಿ ಲೇಪಿಸುವರು. ನಿಯತ ಪ್ರಮಾಣದ ಔಷಧವನ್ನು ಹೀರಿದ ಕಾಗದದ ಬಿಲ್ಲೆಗಳನ್ನು ಅದರ ಮೇಲಿರಿಸಿ, 35 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ 16ರಿಂದ 18 ಗಂಟೆಗಳ ಕಾಲ ಬಿಡುವರು. ಔಷಧವು ಪಸರಿಸಿ ಜೀವಿಯ ಬೆಳವಣಿಗೆಯನ್ನು ತಡೆದಲ್ಲೆಲ್ಲ ಬಿಲ್ಲೆಯ ಸುತ್ತ ತಿಳಿಯಾದ ವಲಯವೊಂದು ಕಾಣಿಸುವುದು.

ವಲಯವು ದೊಡ್ಡದಾದ ಮಾತ್ರಕ್ಕೆ ಔಷಧವು ಮೇಲೆಂದು ಭ್ರಮಿಸಬಾರದು. ಬಿಲ್ಲೆಯಲ್ಲಿರುವ ಔಷಧದ ಪ್ರಮಾಣವೂ ಅದು ಅಗರಿನಲ್ಲಿ ಪಸರಿಸುವ ವೇಗವೂ ಒಂದೊಂದಕ್ಕೆ ಒಂದೊಂದು ಬಗೆ. ಮೂತ್ರನಾಳದ ಸೋಂಕಿನಿಂದ ದೊರೆತ ಇ. ಕೋಲೈ ಬ್ಯಾಕ್ಟೀರಿಯದ ಮೇಲೆ ಸಿಪ್ರೊಫ್ಲಾಕ್ಸಸಿನ್ 24 ಮಿಲಿಮೀಟರ್, ನೈಟ್ರೊಫ್ಯುರಾಂಟಾಯಿನ್ 18 ಮಿಲಿಮೀಟರ್ ವ್ಯಾಸದ ವಲಯವನ್ನು ತೋರಿತೆನ್ನೋಣ. ಅಮೆರಿಕದ ಪ್ರಮಾಣಸಂಸ್ಥೆಯು 2019ರಲ್ಲಿ ಪರಿಷ್ಕರಿಸಿದ ನಿಯಮದಂತೆ ಮೊದಲನೆಯದಕ್ಕೆ ಕನಿಷ್ಠ 26 ಬೇಕು; ಎರಡನೆಯದಕ್ಕೆ 17 ಸಾಕು. ಆದುದರಿಂದ ಚಿಕ್ಕ ವಲಯದ ಔಷಧವೇ ಇಲ್ಲಿ ಗ್ರಾಹ್ಯ. ಪರಿಷ್ಕರಣಕ್ಕೆ ಮುನ್ನ ಸಿಪ್ರೊಫ್ಲಾಕ್ಸಸಿನ್‌ಗೆ 21 ಸಾಕಾಗಿತ್ತು. ಅನುಭವ ಹೆಚ್ಚಿದಂತೆ ಮಾನದಂಡವೂ ತಿದ್ದಲ್ಪಡುವುದೆಂಬುದಕ್ಕೆ ಇದು ನಿದರ್ಶನ.

ಜೀವಿಯ ಬೆಳವಣಿಗೆಯನ್ನು ತಡೆಯಲು ಬೇಕಾದ ಅತ್ಯಲ್ಪ ಸಾಂದ್ರತೆಯನ್ನು ಅಂಕಿಗಳಲ್ಲಿ ಅಳೆಯುವ ಪದ್ಧತಿಯೂ ಉಂಟು. ಅಲ್ಲಿಯೂ ಸಣ್ಣ ಅಂಕಿಯೇ ಶ್ರೇಷ್ಠವೆನ್ನಲಾಗದು. ಆ ಸಾಂದ್ರತೆಯು ರೋಗವಿರುವ ಎಡೆಯಲ್ಲಿ ಒದಗಬೇಕು. ನೈಟ್ರೊಫ್ಯುರಾಂಟಾಯಿನ್ ಮೂತ್ರದಲ್ಲಿ ಹೇರಳವಾಗಿ ಸಂಚಯವಾಗುವುದು, ರಕ್ತದಲ್ಲಿ ಸಾಕಷ್ಟು ನಿಲ್ಲದು. ಮೂತ್ರಕೋಶದ ಸೋಂಕಿಗೆ ಒದಗುವ ಅದೇ ಮಾತ್ರೆಯು ರಕ್ತಕ್ಕೆ ಹಬ್ಬಿದ ಸೋಂಕಿನಲ್ಲಿ ನಿಷ್ಪ್ರಯೋಜಕ.

ಈ ತಾರತಮ್ಯವನ್ನು ಅರಿಯದೆ, ನೆರೆಮನೆಯವರಿಗೆ ಗುಣಕೊಟ್ಟ ಮಾತ್ರೆಯನ್ನು ನಾವೂ ನುಂಗುವುದು, ಮನೆಯಲ್ಲಿ ಉಳಿದ ನಾಲ್ಕು ಮಾತ್ರೆಗಳನ್ನು ಮಗುವಿನ ನೆಗಡಿಗೆ ಕೊಡುವುದು ನಮ್ಮಲ್ಲಿ ರೂಢಿಯಾಗಿದೆ. ನೆಗಡಿಗೆ ಕಾರಣವಾದ ವೈರಸ್ಸಿನ ಮೇಲೆ ಇವು ಕೆಲಸ ಮಾಡವು. ಅಲ್ಪಪ್ರಮಾಣದ ಔಷಧವು ರೋಗಾಣುಗಳಿಗೆ ಪ್ರತಿರೋಧವನ್ನು ಕಲಿಸುವುದೆಂದು ಪೆನಿಸಿಲಿನ್ನನ್ನು ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗರೇ 1945ರ ನೊಬೆಲ್ ಉಪನ್ಯಾಸದಲ್ಲಿ ಎಚ್ಚರಿಸಿದ್ದರು. ಅಂತಹ ರೋಗಾಣುವು ನಮ್ಮೊಬ್ಬರಲ್ಲಿಯೇ ನಿಲ್ಲದು. ತರಗತಿಯ ಒಂದು ಮಣೆಯಿಂದ ಮತ್ತೊಂದಕ್ಕೆ ದಾಟಬಲ್ಲುದು.

ವೈದ್ಯರು ಪರೀಕ್ಷೆಗೆ ಬರೆದುಕೊಟ್ಟಾಗ ಒಂದೆರಡು ದಿನ ತಾಳುವ ಸಹನೆಯನ್ನೂ, ಅವರು ವಿಧಿಸಿದ ಕ್ರಮವನ್ನು ತಪ್ಪದ ನಿಯಮವನ್ನೂ ಅಧ್ಯಾಪಕರು ಮಕ್ಕಳಿಗೆ ಕಲಿಸಬೇಕು. ಅಳೆಯಲು ಬಲ್ಲವನಿಗೆ ಯಾವ ಅಳತೆಯಿಂದ ಅಳೆಯಬೇಕೆಂಬುದೂ ತಿಳಿದಿರಬೇಕು. ವಿದ್ಯೆಯ ಸಾರ್ಥಕ್ಯವಿರುವುದು ಅಲ್ಲಿಯೇ.