ಹಠ ಹಿಡಿಯುವ ಹಳೆಯ ಲಾರಿ: ದೋಷ ಹುಡುಕುವ ಕ್ರಮ



ಲಿಂಗದಹಳ್ಳಿಯ ಸುತ್ತಿನ ಗ್ರಾಮಗಳಲ್ಲಿ ಅಡಿಕೆ, ತೆಂಗಿನಕಾಯಿ, ತರಕಾರಿಗಳನ್ನು ತರೀಕೆರೆಗೋ ಬೀರೂರಿಗೋ ಸಾಗಿಸಲು ಹಳೆಯ ಡೀಸೆಲ್ ಲಾರಿಯನ್ನೇ ನಂಬಿದವರುಂಟು. ಇಂತಹ ಲಾರಿ ಒಂದು ದಿನ ಕೀಲಿ ತಿರುಗಿಸಿದೊಡನೆ ಹೊರಡುತ್ತದೆ. ಮರುದಿನ ಮೂಟೆ ತುಂಬಿ ನಿಂತಾಗ ಮಿಸುಕುವುದಿಲ್ಲ. ಮೆಕ್ಯಾನಿಕ್ ಬರುವ ಹೊತ್ತಿಗೆ ಮತ್ತೆ ಸರಿಯಾಗಿರುತ್ತದೆ. ಊಹೆಯ ಮೇಲೆ ಬ್ಯಾಟರಿಯನ್ನೋ ಸೆಲ್ಫನ್ನೋ ಬದಲಾಯಿಸಿದರೆ ಹಣ ಹೋಗುತ್ತದೆ, ದೋಷ ಉಳಿಯುತ್ತದೆ.

ಇದಕ್ಕೆ ಅಂಜಿ ಕೆಲವರು ಲಾರಿಯನ್ನು ಇಳಿಜಾರಿನಲ್ಲಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಟ್ಟು, ಬೆಳಿಗ್ಗೆ ಉರುಳಿಸಿ ಹೊರಡಿಸುತ್ತಾರೆ. ಈ ಅಭ್ಯಾಸವನ್ನು ಬಿಡಬೇಕು. ಎಂಜಿನ್ ಓಡದಿರುವಾಗ ಬ್ರೇಕಿಗೆ ಬೇಕಾದ ಬಲ ಪೂರ್ತಿ ದೊರೆಯದು. ಸಂತವೇರಿ ಕಡೆಯ ಏರುರಸ್ತೆಯಲ್ಲಾಗಲಿ, ಮಕ್ಕಳಾಡುವ ಬೀದಿಯಲ್ಲಾಗಲಿ ಉರುಳಿದ ಲಾರಿಯನ್ನು ತಡೆಯುವವರಾರು?

ಬಂದು ಹೋಗುವ ದೋಷವನ್ನು ಅದು ಇರುವಾಗಲೇ ಹಿಡಿಯಬೇಕು. ಲಾರಿ ಹೊರಡದ ದಿನವೇ ಪರೀಕ್ಷೆಯ ದಿನ. ಮೊದಲು ಗೇರು ನ್ಯೂಟ್ರಲಿನಲ್ಲಿರಲಿ, ಹ್ಯಾಂಡ್‌ಬ್ರೇಕ್ ಎಳೆದಿರಲಿ, ಚಕ್ರಕ್ಕೆ ಅಡ್ಡಿ ಇರಲಿ. ಬ್ಯಾಟರಿಯ ಬಳಿ ಬೀಡಿ ಸೇದಬಾರದು. ಅದರಿಂದ ಹೊರಡುವ ಅನಿಲ ಸಿಡಿಯಬಲ್ಲದು.

ಮೊದಲನೆಯ ಪ್ರಶ್ನೆ: ಕೀಲಿ ತಿರುಗಿಸಿದಾಗ ಎಂಜಿನ್ ತಿರುಗುತ್ತದೆಯೇ?

ತಿರುಗದಿದ್ದರೆ ಮುಂದಿನ ದೀಪ ಹಾಕಿ, ಒಬ್ಬರು ಕೀಲಿ ತಿರುಗಿಸಲಿ, ಇನ್ನೊಬ್ಬರು ದೀಪ ನೋಡಲಿ.

1. ದೀಪ ತೀರ ಮಂಕಾದರೆ ಬ್ಯಾಟರಿ ಸೋತಿದೆ, ಇಲ್ಲವೇ ಟರ್ಮಿನಲ್ ಸಡಿಲವಾಗಿದೆ ಅಥವಾ ಪುಡಿ ಕಟ್ಟಿದೆ.

2. ದೀಪ ಹಾಗೆಯೇ ಇದ್ದು, 'ಟಿಕ್' ಎಂಬ ಸದ್ದೂ ಇಲ್ಲದಿದ್ದರೆ ಕೀಲಿಯ ಸ್ವಿಚ್ಚನ್ನೂ, ಅಲ್ಲಿಂದ ಸೆಲ್ಫಿಗೆ ಹೋಗುವ ಸಣ್ಣ ತಂತಿಯನ್ನೂ ನೋಡಬೇಕು.

3. ದೀಪ ಹಾಗೆಯೇ ಇದ್ದು 'ಟಿಕ್' ಎಂದಷ್ಟೇ ಕೇಳಿದರೆ ಸೆಲ್ಫಿನಲ್ಲಿ ದೋಷವಿರಬಹುದು, ಅಥವಾ ಎಂಜಿನ್ನಿನ ಅರ್ತ್ ಪಟ್ಟಿ ತುಕ್ಕು ಹಿಡಿದಿರಬಹುದು.

ಮಲ್ಟಿಮೀಟರ್ ಇದ್ದರೆ ಸಂದೇಹ ಬೇಗ ತೀರುತ್ತದೆ. ಪೂರ್ತಿ ಚಾರ್ಜಾಗಿ ವಿರಮಿಸಿದ 12 ವೋಲ್ಟಿನ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸಬೇಕು. ಎರಡು ಬ್ಯಾಟರಿ ಜೋಡಿಸಿದ 24 ವೋಲ್ಟಿನ ಲಾರಿಯಲ್ಲಿ ಎರಡನ್ನೂ ಬೇರೆ ಬೇರೆಯಾಗಿ ಅಳೆಯಬೇಕು. ಒಂದು ಕೆಟ್ಟರೂ ಲಾರಿ ನಿಲ್ಲುತ್ತದೆ. ಬಳಿಕ ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ನೆಗೆಟಿವ್ ಕಂಬಕ್ಕೂ, ಇನ್ನೊಂದನ್ನು ಎಂಜಿನ್ನಿನ ಬರಿಯ ಲೋಹಕ್ಕೂ ಒತ್ತಿ ಕೀಲಿ ತಿರುಗಿಸಿರಿ. ಅರ್ಧ ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಅರ್ತ್ ದಾರಿಯಲ್ಲೇ ತೊಡಕಿದೆ. ಕಣ್ಣಿಗೆ ಚೆನ್ನಾಗಿ ಕಾಣುವ ತಂತಿಯ ಒಳಗಿನ ತುಕ್ಕನ್ನೂ ಈ ಪರೀಕ್ಷೆ ಹೊರಗೆಡಹುತ್ತದೆ.

ತುಕ್ಕು ತೆಗೆಯಲು ನೆಗೆಟಿವ್ ತಂತಿಯನ್ನು ಮೊದಲು ಬಿಚ್ಚಿ, ಕೊನೆಗೆ ಜೋಡಿಸಬೇಕು. ಅಡುಗೆ ಸೋಡಾ ಬೆರೆಸಿದ ಬಿಸಿನೀರಿನಿಂದ ಟರ್ಮಿನಲ್ ತೊಳೆಯಿರಿ. ನೀರು ಬ್ಯಾಟರಿಯ ಒಳಗೆ ಹೋಗಬಾರದು. ಒಣಗಿದ ಮೇಲೆ ಉಜ್ಜಿ, ಬಿಗಿದು, ವ್ಯಾಸಲೀನ್ ಸವರಿರಿ.

ಎಂಜಿನ್ ಚುರುಕಾಗಿ ತಿರುಗಿಯೂ ಚಾಲೂ ಆಗದಿದ್ದರೆ ಬ್ಯಾಟರಿ, ಸೆಲ್ಫುಗಳ ತಪ್ಪಿಲ್ಲ. ಡೀಸೆಲ್ ಬರುತ್ತಿಲ್ಲ ಎಂದು ತಿಳಿಯಿರಿ. ಎಂಜಿನ್ ನಿಲ್ಲಿಸುವ ಕೇಬಲ್ ಪೂರ್ತಿ ಹಿಂದಿರುಗಿದೆಯೇ ನೋಡಿರಿ. ರಾತ್ರಿ ನಿಂತ ಲಾರಿ ಬೆಳಿಗ್ಗೆ ಮಾತ್ರ ಕಾಡಿ, ಕೈಪಂಪು ಹೊಡೆದ ಮೇಲೆ ಹೊರಟರೆ ಪೈಪಿನಲ್ಲಿ ಗಾಳಿ ಸೇರುತ್ತಿದೆ. ಫಿಲ್ಟರಿನ ಗಾಳಿ ಸ್ಕ್ರೂ ಸಡಿಲಿಸಿ, ಗುಳ್ಳೆ ನಿಲ್ಲುವವರೆಗೆ ಪಂಪು ಹೊಡೆದು ಬಿಗಿಯಿರಿ. ಆದರೆ ಗಾಳಿ ಎಲ್ಲಿಂದ ಬಂತೆಂದು ಹುಡುಕದೆ ಬಿಡಬೇಡಿ. ವಾಷರ್, ಕ್ಲಿಪ್ಪು, ಬಿರಿದ ರಬ್ಬರ್ ಪೈಪುಗಳನ್ನು ನೋಡಿರಿ. ಈ ಕ್ರಮ ಹಳೆಯ ಪಂಪಿನ ಎಂಜಿನ್ನಿಗೆ ಮಾತ್ರ. ಕಂಪ್ಯೂಟರ್ ಇರುವ ಹೊಸ ಲಾರಿಯ ಡೀಸೆಲ್ ಪೈಪನ್ನು ಬಿಚ್ಚಬಾರದು.

ಕೊನೆಯದಾಗಿ, ಲಾರಿಯಲ್ಲಿ ಒಂದು ನೋಟ್‌ಬುಕ್ ಇಡಿರಿ. ಹೊರಡದ ದಿನ ಚಳಿಯಿತ್ತೆ, ಮಳೆಯಿತ್ತೆ, ಎಂಜಿನ್ ಬಿಸಿಯಿತ್ತೆ, ದೀಪ ಏನಾಯಿತು ಎಂದು ಬರೆಯಿರಿ. ಬಿಸಿಯಾದಾಗ ಮಾತ್ರ ಎಳೆಯದ ಸೆಲ್ಫಿನಲ್ಲಿ ಕಾರ್ಬನ್ ಅಥವಾ ಬುಷ್ ಸವೆದಿರಬಹುದು. ಮಳೆಯಲ್ಲಿ ಮಾತ್ರ ಕಾಡಿದರೆ ತಂತಿಗಳ ಜೋಡಣೆಯನ್ನು ಶಂಕಿಸಬೇಕು. ಇಂತಹ ನಾಲ್ಕು ಸಾಲುಗಳನ್ನು ಮೆಕ್ಯಾನಿಕ್‌ನ ಮುಂದಿಟ್ಟರೆ ಅವರ ಅರ್ಧ ಕೆಲಸ ಮುಗಿದಂತೆ. ಪಶುವಿನ ರೋಗವನ್ನು ವೈದ್ಯರಿಗೆ ಹೇಳುವಾಗ ಅದು ಮೇವು ಬಿಟ್ಟದ್ದು ಎಂದು, ಮೆಲುಕು ನಿಂತದ್ದು ಎಂದು ತಿಳಿಸುವುದಿಲ್ಲವೇ? ಲಾರಿಯ ವಿಷಯದಲ್ಲಿಯೂ ಅಷ್ಟೇ ಗಮನವಿರಲಿ.