ಕಿತ್ತೂರಿನ ಮಸಾರಿ, ರಾಮದುರ್ಗದ ಎರೆ: ಮಣ್ಣಿನ ಲ್ಯಾಬು ಕಲಿಸಿದ ಪಾಠಗಳು

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ನಾಲ್ಕೂ 1986ರಲ್ಲಿ ಶುರುವಾದ ಧಾರವಾಡ ಕೃಷಿ ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿವೆ. ಕಿತ್ತೂರಿನಿಂದ ಮೂಡಣಕ್ಕೆ ಹೋದಂತೆ ಮಳೆ ಇಳಿಯುತ್ತದೆ, ಎರೆ (ಕಪ್ಪು ಮಣ್ಣು) ಹಬ್ಬುತ್ತದೆ, ಮಣ್ಣಿನಲ್ಲಿ ಸುಣ್ಣ ಏರುತ್ತದೆ. ಇಷ್ಟು ಹತ್ತಿರದ ಊರುಗಳ ಮಣ್ಣಿಗೂ ಒಂದೇ ವಿಧಾನ ಸಾಲದು. ಇಂಗಾಲ, ಸಾರಜನಕಗಳ ಚಕ್ರ ಓದಲು ಬರುವ ಮಕ್ಕಳಿಗೆ ನಾನು ಮೊದಲು ಹೇಳುವುದು ಇದನ್ನೇ.

1. ಯಂತ್ರದ ಮುಂದೆ ಕೂರುವ ಮೊದಲು ಮಣ್ಣಿನ ಮೇಲೆ ತೆಳು ಹೈಡ್ರೋಕ್ಲೋರಿಕ್ ಆಮ್ಲದ ಹನಿ ಬಿಡಿ. ನೊರೆ ಎದ್ದರೆ ಸುಣ್ಣವಿದೆ. ಇಂಗಾಲ ಅಳೆಯುವ ಅನಲೈಜರ್ ಮಣ್ಣನ್ನು ಸುಟ್ಟು, ಹೊರಬಂದ ಅನಿಲವನ್ನೆಲ್ಲ ಲೆಕ್ಕಕ್ಕೆ ಹಿಡಿಯುತ್ತದೆ. ಅದು ಸಗಣಿಗೊಬ್ಬರದ್ದೋ ಸುಣ್ಣದ ಹರಳಿನದ್ದೋ ಅದಕ್ಕೆ ತಿಳಿಯದು. ಕ್ಯಾಲ್ಸಿಯಂ ಕಾರ್ಬೊನೇಟಿನ ತೂಕದಲ್ಲಿ ಶೇ 12 ಇಂಗಾಲ. ಮಣ್ಣಿನಲ್ಲಿ ಶೇ 10 ಸುಣ್ಣವಿದ್ದರೆ ಅದೊಂದರಿಂದಲೇ ಶೇ 1.2 ಇಂಗಾಲ ಬಂದುಬಿಡುತ್ತದೆ. ಎಷ್ಟೋ ಹೊಲಗಳಲ್ಲಿ ಸಾವಯವ ಇಂಗಾಲ ಅದರ ಅರ್ಧದಷ್ಟೂ ಇರುವುದಿಲ್ಲ. ಆಮ್ಲ ಹಾಕಿ ಸುಣ್ಣ ಕಳೆಯದಿದ್ದರೆ ಬಡಕಲು ಹೊಲವೂ ಫಲವತ್ತಾಗಿ ಕಾಣುತ್ತದೆ. ಆ ಅಂಕಿ ನಂಬಿ ರೈತ ಗೊಬ್ಬರ ಕಡಿಮೆ ಮಾಡಿದರೆ ನಷ್ಟ ಅವನ ಮನೆಯದು.

2. 1934ರ ವಾಕ್ಲಿ–ಬ್ಲ್ಯಾಕ್ ವಿಧಾನವನ್ನು ಹಳತೆಂದು ಬಿಡಬೇಡಿ. ಡೈಕ್ರೋಮೇಟ್ ಸುಣ್ಣದ ಇಂಗಾಲವನ್ನು ಮುಟ್ಟುವುದಿಲ್ಲ. ನಮ್ಮ ಎರೆಗೆ ಅದೇ ಅನುಕೂಲ. ಆದರೆ ಸವಳು ಮಣ್ಣಿನಲ್ಲಿ ಕ್ಲೋರೈಡೂ ಡೈಕ್ರೋಮೇಟನ್ನು ತಿನ್ನುವುದರಿಂದ ಅಂಕಿ ಉಬ್ಬುತ್ತದೆ. ಮಲಪ್ರಭೆ ಕಾಲುವೆಯ ಸವಳು ಹೊಲಗಳ ಮಾದರಿಗೆ ಆಮ್ಲದೊಡನೆ ಸಿಲ್ವರ್ ಸಲ್ಫೇಟ್ ಬೇಕು. ದುಬಾರಿಯೆಂದು ಬಿಡುವವರಿದ್ದಾರೆ, ಅದನ್ನು ನಾನು ಒಪ್ಪುವುದಿಲ್ಲ. ಉಳಿದ ಕ್ರೋಮಿಯಂ ದ್ರಾವಣವನ್ನು ಸಿಂಕಿಗೆ ಸುರಿಯಲೇಬಾರದು, ಅದು ವಿಷ. ನೀರು–ಮಣ್ಣಿನ ಆರೋಗ್ಯ ಅಳೆಯುವವರೇ ಅದನ್ನು ಚರಂಡಿಗೆ ಬಿಡುವುದು ಸಲ್ಲದು.

3. ರಂಜಕ ಅಳೆಯಲು ಸುಣ್ಣದ ಎರೆಯಲ್ಲಿ ಓಲ್ಸೆನ್ ವಿಧಾನ, ಹುಳಿ ಮಸಾರಿಯಲ್ಲಿ (ಕೆಂಪು ಮಣ್ಣಿನಲ್ಲಿ) ಬ್ರೇ ವಿಧಾನ. ಮೊದಲು ಪಿಎಚ್ ನೋಡಿ, ಆಮೇಲೆ ಬಾಟಲಿ ತೆಗೆಯಿರಿ.

4. ನೈಟ್ರೇಟ್, ಅಮೋನಿಯಂ ನೋಡುವ ಮಣ್ಣನ್ನು ಒಣಗಿಸಬೇಡಿ. ಹೊಲದಿಂದಲೇ ಐಸ್‌ಬಾಕ್ಸಿನಲ್ಲಿ ತಂದು, ಹಸಿಯಾಗಿರುವಾಗಲೇ ಪೊಟ್ಯಾಸಿಯಂ ಕ್ಲೋರೈಡ್ ದ್ರಾವಣದಲ್ಲಿ ಕುಲುಕಿ. ಸೂಕ್ಷ್ಮಜೀವಿಗಳು ದಾರಿಯಲ್ಲೂ ಕೆಲಸ ಮಾಡುತ್ತಿರುತ್ತವೆ. ಬಿಸಿಲಿಗೆ ಬಿರುಕುಬಿಟ್ಟ ಎರೆಗೆ ಮೊದಲ ಮಳೆ ಬಿದ್ದಾಗಲಂತೂ ಕೆಲವೇ ಗಂಟೆಗಳಲ್ಲಿ ಕಾರ್ಬನ್ ಡೈಆಕ್ಸೈಡ್ ಹೊಮ್ಮುತ್ತದೆ; ಅನಿಲ ಹಿಡಿಯುವ ಡಬ್ಬಿಗಳು ಆ ಹೊತ್ತಿಗೆ ಹೊಲದಲ್ಲಿರಬೇಕು. ವಾರಕ್ಕೊಮ್ಮೆ ಎಂದು ಕ್ಯಾಲೆಂಡರ್ ನೋಡಿ ಹೋದರೆ ವರ್ಷದ ದೊಡ್ಡ ಘಟನೆಯೇ ತಪ್ಪುತ್ತದೆ.

5. ಸತುವಿನ ಪರೀಕ್ಷೆಗೆ ಮಣ್ಣು ತರುವಾಗ ಸತು ಬಳಿದ ತಗಡಿನ ಬಕೆಟ್ಟು, ಹಿತ್ತಾಳೆ ಜರಡಿ ಬೇಡ. ಪ್ಲಾಸ್ಟಿಕ್ ಸಾಕು.

6. ಉಪ್ಪಿನಂಶದ ರೀಡಿಂಗ್ ಪಕ್ಕದಲ್ಲಿ ಮಣ್ಣಿಗೆ ಎಷ್ಟು ನೀರು ಬೆರೆಸಿದಿರಿ ಎಂದು ಬರೆಯಿರಿ. ಮೀಟರಿಗೆ 4 ಡೆಸಿಸೀಮೆನ್ಸ್ ದಾಟಿದರೆ ಸವಳು ಎನ್ನುವ ಗಡಿ ಸ್ಯಾಚುರೇಷನ್ ಪೇಸ್ಟಿನಿಂದ ತೆಗೆದ ನೀರಿಗೆ ಹಾಕಿದ್ದು. ಒಂದಕ್ಕೆ ಎರಡೂವರೆ ಪಾಲು ನೀರು ಬೆರೆಸಿದಾಗ ರೀಡಿಂಗ್ ಬಹಳ ಇಳಿಯುತ್ತದೆ. ಅದನ್ನು ಅದೇ ಗಡಿಗೆ ಹೋಲಿಸಿ ‘ಹೊಲ ಚೆನ್ನಾಗಿದೆ’ ಎಂದರೆ ಸುಳ್ಳು ಹೇಳಿದಂತೆ.

7. ಪರೀಕ್ಷೆ ಮುಗಿದ ಮಣ್ಣನ್ನು ಎಸೆಯಬೇಡಿ. ಇಂಗ್ಲೆಂಡಿನ ರೋಥಮ್‌ಸ್ಟೆಡ್‌ನಲ್ಲಿ 1843ರಲ್ಲಿ ಶುರುವಾದ ಪ್ರಯೋಗಗಳ ಮಾದರಿಗಳು ಇಂದಿಗೂ ಸಂಶೋಧನೆಗೆ ಒದಗುತ್ತಿವೆ. ಮಲಪ್ರಭೆಯ ನವಿಲುತೀರ್ಥ ಅಣೆಕಟ್ಟಿನ ಕಾಲುವೆ ನೀರು ಹರಿಯುವ ಮೊದಲಿನ ಮಣ್ಣು ಬಾಟಲಿಯಲ್ಲಿದ್ದರೆ ಉಪ್ಪು ಎಷ್ಟು ಏರಿತೆಂದು ಇಂದೇ ಅಳೆಯಬಹುದಿತ್ತು. ಒಣಗಿಸಿ, ಜರಡಿ ಹಿಡಿದ ಅರ್ಧ ಕಿಲೋ ಮಣ್ಣು, ಗಾಳಿಯಾಡದ ಬಾಟಲಿ, ಊರು, ಸರ್ವೆ ನಂಬರು, ಆಳ, ಬೆಳೆ, ತಾರೀಖು. ಚೀಟಿಯನ್ನು ಪೆನ್ಸಿಲಿನಲ್ಲಿ ಬರೆದು ಒಳಗೊಂದು, ಹೊರಗೊಂದು ಇಡಿ.